ಸೂಜಿ ಕೇಳಿದರೆ ಬಾಗಿಲು ಹಾಕುತ್ತಿದ್ದ ದಿನಗಳು

ಅದು 2009ರ ಬೇಸಿಗೆ. ನಮ್ಮ ಚಿಂತಾಮಣಿ, ಶಿಡ್ಲಘಟ್ಟದ ಕಡೆ ಎಲ್ಲಿ ನೋಡಿದರೂ ಒಂದೇ ಸುದ್ದಿ. ಹಳೆಯ ಕಾಲದ ಹೊಲಿಗೆ ಮಿಷನ್‌ಗಳ ಸೂಜಿಯಲ್ಲಿ ಕೆಂಪು ಪಾದರಸ ಎಂಬ ವಸ್ತು ಇರುತ್ತದಂತೆ, ಅದಕ್ಕೆ ಹೊರದೇಶದಲ್ಲಿ ಕೋಟಿಗಟ್ಟಲೆ ಬೆಲೆಯಂತೆ, ಮೊಬೈಲನ್ನು ಸೂಜಿಯ ಹತ್ತಿರ ಹಿಡಿದಾಗ ಕರೆ ಕಟ್ಟಾದರೆ ಒಳಗೆ ಪಾದರಸ ಇದೆ ಎಂದೇ ಅರ್ಥವಂತೆ. ಯಾರು ಶುರು ಮಾಡಿದರೋ ಗೊತ್ತಿಲ್ಲ. ಬಸ್‌ಸ್ಟ್ಯಾಂಡು, ರೇಷ್ಮೆ ಗೂಡಿನ ಮಾರುಕಟ್ಟೆ, ಮದುವೆ ಮನೆಯ ಪಂಕ್ತಿ, ಎಲ್ಲ ಕಡೆಯೂ ಇದೇ ಮಾತು.

ನಾನು ಆಗ ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲ್ಯಾಬ್ ಅಸಿಸ್ಟೆಂಟ್. ಹಾಗಾಗಿ ಚಿಂತಾಮಣಿಯಿಂದ ನನ್ನ ದೊಡ್ಡಮ್ಮನ ಮಗ ಮುನಿರಾಜು ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆಯೇ ಇದು: "ಅಕ್ಕಾ, ಪಾದರಸ ಕೆಂಪಗಿರುತ್ತಾ?"

"ಬೆಳ್ಳಿ ಥರ ಇರುತ್ತೆ ಕಣೋ. ಅದರಿಂದ ಮಾಡೋ ಒಂದು ಪುಡಿ ಮಾತ್ರ ಕೆಂಪಗಿರುತ್ತೆ. ನಮ್ಮ ಲ್ಯಾಬಲ್ಲಿ ಒಂದು ಬಾಟ್ಲಿ ಇದೆ. ಅದನ್ನ ಕೋಟಿ ಕೊಟ್ಟು ಯಾರೂ ತಗೊಳ್ಳಲ್ಲ."

"ಹಂಗಾದ್ರೆ ಕೆಂಪಗಿರೋದು ಇದೆ ಅಂತಾಯ್ತಲ್ಲ!" ಅಂದ ಅವನು. ಇನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಅನ್ನಿಸಿತು. ಭಾನುವಾರ ಬಸ್ಸು ಹತ್ತಿದೆ.

ದೊಡ್ಡಮ್ಮನ ಮನೆಯಲ್ಲಿ ಒಂದು ಕೈ ಮಿಷನ್ ಇತ್ತು. ಕಾಲಲ್ಲಿ ತುಳಿಯುವಂಥದ್ದಲ್ಲ, ನೆಲದ ಮೇಲಿಟ್ಟುಕೊಂಡು ಬಲಗೈಯಲ್ಲಿ ಚಕ್ರ ತಿರುಗಿಸುತ್ತಾ ಹೊಲಿಯುವಂಥದ್ದು. ದೊಡ್ಡಮ್ಮ ಮದುವೆಯಾಗಿ ಆ ಮನೆಗೆ ಬಂದಾಗಲೇ ಅದು ಅಲ್ಲಿತ್ತಂತೆ. ಅದಕ್ಕೂ ಮೊದಲಿನ ಕಥೆ ಯಾರಿಗೂ ಗೊತ್ತಿರಲಿಲ್ಲ. ಮೈಯೆಲ್ಲ ಮಸಿ ಹಿಡಿದ ಬಾಣಲೆಯ ಹಾಗೆ ಕಪ್ಪು. ಚಕ್ರದ ಹಿಡಿ ಮಾತ್ರ ಬಿಳಿ ಪಿಂಗಾಣಿಯದು. ಚಿಕ್ಕವಳಿದ್ದಾಗ ಆ ಹಿಡಿಯನ್ನು ಮುಟ್ಟಿ ಮುಟ್ಟಿ ಬೈಸಿಕೊಂಡಿದ್ದೇನೆ. ಬೀದಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ದೊಡ್ಡಮ್ಮ ಹಳೆಯ ಹತ್ತಿ ಸೀರೆಯಿಂದ ಮೆತ್ತನೆಯ ಅಂಗಿಗಳನ್ನು ಹೊಲಿದು ಕೊಡುತ್ತಿದ್ದಳು. ಆ ಬೇಸಿಗೆಯಲ್ಲಿ ಅವಳು ಹೊಲಿಯುತ್ತಿದ್ದದ್ದು ತನ್ನ ಮನೆಯ ಕೂಸಿಗೇ. ಮುನಿರಾಜುವಿನ ಹೆಂಡತಿಗೆ ದಿನ ತುಂಬುತ್ತಿತ್ತು. ಬಿಡಿಬಿಡಿಯಾಗಿ ಕತ್ತರಿಸಿದ್ದ ಬಟ್ಟೆ ಮಿಷನ್ ಪಕ್ಕದ ಬುಟ್ಟಿಯಲ್ಲಿತ್ತು.

ನಾನು ಹೋಗುವಷ್ಟರಲ್ಲಿ ಪಡಸಾಲೆಯ ತುಂಬ ಅಕ್ಕಪಕ್ಕದವರು ಸೇರಿದ್ದರು. ಮುನಿರಾಜು ತನ್ನ ಸ್ನೇಹಿತನಿಗೆ ಫೋನ್ ಹಚ್ಚಿ, "ಮಾತಾಡ್ತಾ ಇರು, ನಿಲ್ಲಿಸ್ಬೇಡ" ಎಂದು ಹೇಳಿ ಮೊಬೈಲನ್ನು ನಿಧಾನವಾಗಿ ಸೂಜಿಯ ಹತ್ತಿರ ತಂದ. ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಸುಳ್ಳು ಹೇಳುವುದೇಕೆ, ನಾನೂ ಹಿಡಿದಿದ್ದೆ. ಕುಂಯ್ ಎಂದು ಕರೆ ಕಟ್ಟಾಯಿತು!

ಮನೆಯಲ್ಲಿ ಹೋ ಎಂದು ಗದ್ದಲ. ಯಾರೋ ಊದುಬತ್ತಿ ಹಚ್ಚಲು ಹೊರಟರು. ನನಗೆ ಒಂದು ಅನುಮಾನ. ಮೊಬೈಲ್ ಇಸಿದುಕೊಂಡು ಮತ್ತೆ ಕರೆ ಮಾಡಿ ಮೂಲೆಯಲ್ಲಿದ್ದ ಒರಳುಕಲ್ಲಿನ ಹತ್ತಿರ ಹೋದೆ. ಅಲ್ಲೂ ಕಟ್ಟಾಯಿತು. ಉಪ್ಪಿನಕಾಯಿ ಜಾಡಿಯ ಹತ್ತಿರವೂ ಕಟ್ಟಾಯಿತು. ದಪ್ಪ ಗೋಡೆಯ ಆ ಹಳೆಯ ಮನೆಯೊಳಗೆ ಎಂದೂ ಸಿಗ್ನಲ್ ನಿಲ್ಲುತ್ತಿರಲಿಲ್ಲ. ಮಾತಾಡಬೇಕಾದರೆ ಎಲ್ಲರೂ ಬೀದಿಗೇ ಹೋಗುತ್ತಿದ್ದರು.

"ಹಂಗಾದ್ರೆ ನನ್ ಒರಳಲ್ಲೂ ಪಾದರಸ ಐತೆ ಬಿಡು" ಎಂದು ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಎಲ್ಲರೂ ನಕ್ಕರು. ಮುನಿರಾಜು ಮಾತ್ರ ನಗಲಿಲ್ಲ.

ಮುಂದಿನ ವಾರದ ಮಧ್ಯದಲ್ಲಿ ಅವನ ಫೋನ್ ಬಂತು. ದನಿ ಇಳಿದುಹೋಗಿತ್ತು. ಬಿಳಿ ಕಾರಿನಲ್ಲಿ ಇಬ್ಬರು ಬಂದಿದ್ದರಂತೆ. ಅವರನ್ನು ಕರೆಸಿದ್ದು ಅವನೇ. ಮಿಷನ್‌ನ ಸುತ್ತ ಏನೇನೋ ಹಿಡಿದು ನೋಡಿದರಂತೆ. ದೊಡ್ಡಮ್ಮ ದೇವಸ್ಥಾನಕ್ಕೆ ಹೋಗಿದ್ದ ಹೊತ್ತು. ಇಕ್ಕಳದಿಂದ ಸ್ಕ್ರೂ ತಿರುವಿ ಸೂಜಿಯನ್ನು ಕಿತ್ತು, ಬೆಂಗಳೂರಲ್ಲಿ ಟೆಸ್ಟ್ ಮಾಡಿಸಿ ನಾಳೆ ತರುತ್ತೇವೆ ಎಂದು ಹೊರಟುಹೋದರಂತೆ. ಆಮೇಲೆ ಅವರ ನಂಬರ್ ಸ್ವಿಚ್ ಆಫ್.

"ಹೋಗ್ಲಿ ಬಿಡು, ಒಂದು ಸೂಜಿ ತಾನೆ? ಅಂಗಡೀಲಿ ಸಿಗುತ್ತೆ" ಅಂದೆ ನಾನು.

"ಸಿಗಲ್ಲ ಅಕ್ಕಾ. ಅದೇ ಕೊನೇದಂತೆ. ಆ ಮಿಷನ್‌ಗೆ ಬೇರೆ ಸೂಜಿ ಹಿಡಿಯಲ್ವಂತೆ. ಅಮ್ಮ ನನ್ನ ಹತ್ರ ಮಾತೇ ಆಡ್ತಿಲ್ಲ."

ಶನಿವಾರ ಹೋಗಿ ನೋಡಿದೆ. ದೊಡ್ಡಮ್ಮ ಗೋಡೆಗೊರಗಿ ಕೂತಿದ್ದಳು. ಬುಟ್ಟಿಯಲ್ಲಿ ಒಂದು ತೋಳು ಮಾತ್ರ ಹೊಲಿದಿದ್ದ ಪುಟ್ಟ ಅಂಗಿ ಹಾಗೇ ಇತ್ತು. ಹೊಸ ಮಿಷನ್ ಕೊಡಿಸುತ್ತೇನೆಂದು ಮುನಿರಾಜು ಗೋಗರೆದಿದ್ದನಂತೆ. "ಕಾಲು ಮಿಷನ್ ತುಳಿಯೋಕೆ ನನ್ ಮಂಡಿ ಎಲ್ಲೈತೆ? ಹೊಸದು ಬೇಡ, ಏನೂ ಬೇಡ" ಎಂದಳು. ಇನ್ನು ಸ್ವಲ್ಪ ಹೊತ್ತಿದ್ದರೆ ಅಳುತ್ತಿದ್ದಳೇನೋ. ನಾನು ದೊಡ್ಡದಾಗಿ ಹೇಳಿಬಿಟ್ಟೆ, "ಇದನ್ನ ನನ್ನ ಜೊತೆ ಕಳಿಸು. ಇದು ಯಾವ ಮಿಷನ್ ಅಂತ ಗೊತ್ತಾದ್ರೆ ಯಾವ ಸೂಜಿ ಅಂತಾನೂ ಗೊತ್ತಾಗುತ್ತೆ."

ಮಿಷನ್ನನ್ನು ದುಪ್ಪಟಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಶಿಡ್ಲಘಟ್ಟ ದಾಟುವಷ್ಟರಲ್ಲಿ ತೊಡೆ ಮರಗಟ್ಟಿತು. ರಸ್ತೆಯ ಕುಲುಕಾಟಕ್ಕೆ ದುಪ್ಪಟಿ ಸರಿದು ಪಿಂಗಾಣಿ ಹಿಡಿ ಹೊರಗೆ ಇಣುಕಿತು. ಪಕ್ಕದ ಸೀಟಿನವರು ಸುಮ್ಮನೆ ಜೇಬಿನಿಂದ ಮೊಬೈಲ್ ತೆಗೆದು, ಯಾರಿಗೋ ಕರೆ ಹಚ್ಚಿ, ನನ್ನ ತೊಡೆಯ ಕಡೆಗೆ ಚಾಚಿದರು!

"ಇದರಲ್ಲಿ ಸೂಜಿನೇ ಇಲ್ಲ ರೀ" ಅಂದೆ.

"ಓ, ಆಗ್ಲೇ ಮಾರಿಬಿಟ್ರಾ?" ಎಂದು ಅವರು ನನ್ನನ್ನು ಬಹಳ ಗೌರವದಿಂದ ನೋಡಿದರು. ಚಿಕ್ಕಬಳ್ಳಾಪುರ ಬರುವ ತನಕ ಇಡೀ ಬಸ್ಸಿನ ಕಣ್ಣು ನನ್ನ ಮೇಲಿತ್ತು.

ಮನೆಗೆ ಬಂದು ಹಳೆಯ ಬೆಡ್‌ಶೀಟ್ ಹಾಸಿ ಅದರ ಮೇಲೆ ಮಿಷನ್ ಇಟ್ಟೆ. ನನಗೆ ಹೊಲಿಗೆಯ ಗಂಧಗಾಳಿ ಇಲ್ಲ. ಆದರೆ ಗೊತ್ತಿಲ್ಲದ ವಸ್ತುವನ್ನು ಹೇಗೆ ಮುಟ್ಟಬೇಕು ಎಂಬುದು ಲ್ಯಾಬಿನಲ್ಲಿ ಕಲಿತಿದ್ದೆ. ಮೊದಲು ಯಾರಿಗೂ ಕಾಣದ ಹಿಂಬದಿಯ ಮೂಲೆಯಲ್ಲಿ ಒಂದು ಚುಕ್ಕೆಯಷ್ಟು ಜಾಗ ಒರೆಸಿ ನೋಡಿದೆ. ಸೋಪಿನ ನೀರು ತಾಗಿದ ಕಡೆ ಹತ್ತಿಯ ಮೇಲೆ ಚಿನ್ನದ ಬಣ್ಣದ ಪುಡಿ ಬಂತು. ತಕ್ಷಣ ನಿಲ್ಲಿಸಿದೆ. ಆಮೇಲೆ ಮಿಷನ್ ಎಣ್ಣೆಯನ್ನು ಹತ್ತಿಗೆ ಹಚ್ಚಿ, ಉಜ್ಜದೆ, ಬರೀ ಒತ್ತಿ ಒತ್ತಿ ತೆಗೆದೆ. ಕಪ್ಪು ಜಿಡ್ಡು ಹತ್ತಿಗೆ ಬಂತು, ಚಿನ್ನ ಅಲ್ಲೇ ಉಳಿಯಿತು. ಅದು ಬರೀ ಬಣ್ಣವಲ್ಲ, ಹೂಬಳ್ಳಿ. ಮಸಿಯ ಅಡಿಯಲ್ಲಿ ಇಡೀ ಮಿಷನ್ ಮೈಮೇಲೆ ಚಿನ್ನದ ಹೂಬಳ್ಳಿ ಹಬ್ಬಿತ್ತು! ನಲವತ್ತು ವರ್ಷ ಅದನ್ನು ನೋಡುತ್ತಾ ಬೆಳೆದ ನಾನು ಒಂದು ಹೂವನ್ನೂ ನೋಡಿರಲಿಲ್ಲ.

ಒಂದೊಂದಾಗಿ ವಿಷಯ ಹೊರಬಿತ್ತು. ತಳದ ಕಬ್ಬಿಣದ ಹಲಗೆ ಚೌಕವಾಗಿರದೆ ಪಿಟೀಲಿನ ಹಾಗೆ ನಡುವಿನಲ್ಲಿ ಸಣ್ಣಗಾಗಿತ್ತು. ಹಲಗೆಯ ಮೇಲಿನ ತಗಡನ್ನು ಸರಿಸಿ ನೋಡಿದೆ. ಕೆಳದಾರ ಸುತ್ತುವ ಬಾಬಿನ್ ಈಗಿನ ಹಾಗೆ ದುಂಡಗಿರಲಿಲ್ಲ. ಅದು ಕಡ್ಡಿಯ ಹಾಗೆ ಉದ್ದ, ದೋಣಿಯಾಕಾರದ ಒಂದು ಉಕ್ಕಿನ ಗೂಡಿನಲ್ಲಿ ಮಲಗಿತ್ತು. ದೊಡ್ಡಮ್ಮ ಅದನ್ನು ದೋಣಿ ಎಂದೇ ಕರೆಯುತ್ತಿದ್ದಳು. ಚಕ್ರ ತಿರುಗಿಸಿದರೆ ದೋಣಿ ಹಿಂದಕ್ಕೂ ಮುಂದಕ್ಕೂ ಈಜುತ್ತಿತ್ತು. ಮುಂದೆ ಒಂದು ಸಂಖ್ಯೆ ಕೊರೆದಿತ್ತು. ಮೇಲಿನ ತೋಳಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿತ್ತು. ಟಾರ್ಚನ್ನು ಓರೆಯಾಗಿ ಹಿಡಿದು ಎಷ್ಟು ನೋಡಿದರೂ ಕೊನೆಯ ಮೂರ್ನಾಲ್ಕು ಅಕ್ಷರ ಬಿಟ್ಟರೆ ಉಳಿದದ್ದು ಸವೆದುಹೋಗಿತ್ತು.

ಕಾಲೇಜಿನ ಎದುರಿನ ಬ್ರೌಸಿಂಗ್ ಸೆಂಟರ್‌ನಲ್ಲಿ ಸಂಜೆಗಳನ್ನು ಕಳೆದೆ. ಪಿಟೀಲಿನ ತಳ, ದೋಣಿ, ಪಿಂಗಾಣಿ ಹಿಡಿ, ಮೂರೂ ಸೇರಿಸಿ ಹುಡುಕಿದಾಗ ಚಿತ್ರಗಳು ಬಂದವು. ಜರ್ಮನಿಯಲ್ಲಿ ಮಾಡಿದ್ದು, ಹೆಚ್ಚು ಕಡಿಮೆ ನೂರು ವರ್ಷ ಹಿಂದಿನದು. ಪಾದರಸ ಸುಳ್ಳಾದರೂ ನೂರು ವರ್ಷದ ಬೆಲೆ ಇದ್ದೇ ಇರಬೇಕಲ್ಲ? ಹುಡುಕುತ್ತಾ ಹೋದ ಹಾಗೆ ಆಸೆ ಇಳಿಯಿತು. ಇಂಥ ಮಿಷನ್‌ಗಳನ್ನು ಆ ಕಾಲದಲ್ಲಿ ಲೆಕ್ಕವಿಲ್ಲದಷ್ಟು ಮಾಡಿ ದೇಶದೇಶಗಳಿಗೆ ಕಳಿಸಿದ್ದರಂತೆ. ಹಾಳಾಗದ ಗಟ್ಟಿ ಕಬ್ಬಿಣವಾದ್ದರಿಂದ ಬಹಳಷ್ಟು ಇನ್ನೂ ಉಳಿದಿವೆಯಂತೆ. ಹೂಬಳ್ಳಿ ಅಳಿಸದಿದ್ದರೆ, ಬಿಡಿಭಾಗ ಎಲ್ಲ ಇದ್ದರೆ, ಇಷ್ಟಪಡುವವರು ಕೊಳ್ಳುತ್ತಾರೆ, ಅದೂ ಹೊಸ ಮಿಷನ್‌ನ ಬೆಲೆಗಿಂತ ಕಡಿಮೆಗೆ. ಹಳೆಯದೆಲ್ಲ ಅಪರೂಪದ್ದಲ್ಲ ಎಂಬುದು ನನಗೆ ಆವತ್ತು ತಿಳಿಯಿತು. ಸೂಜಿಯ ವಿಷಯವಂತೂ ಇನ್ನೂ ಕಷ್ಟ. ಆ ಅಳತೆಯ ಸೂಜಿ ಈಗ ಯಾರೂ ಮಾಡುವುದಿಲ್ಲ ಎಂದೇ ಬರೆದಿತ್ತು.

ಬಜಾರಿನಲ್ಲಿದ್ದ ಮಿಷನ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ಈಗಿನ ಒಂದು ಸೂಜಿ ಹಾಕಿ ತೋರಿಸಿದರು. ಅದು ಗಿಡ್ಡ. ದೋಣಿಯ ಮೂತಿ ಬಂದು ದಾರವನ್ನು ಹಿಡಿಯಬೇಕಾದ ಜಾಗಕ್ಕೆ ಇಳಿಯಲೇ ಇಲ್ಲ. "ಇದಕ್ಕೆ ಉದ್ದ ಸೂಜಿ ಬೇಕು ಮೇಡಂ, ನನ್ನ ಹತ್ರ ಇಲ್ಲ" ಎಂದವರು ಸ್ವಲ್ಪ ಯೋಚಿಸಿ, "ಗೌರಿಬಿದನೂರಲ್ಲಿ ಒಬ್ಬ ದರ್ಜಿ ಇದ್ರು, ತೀರ್ಕೊಂಡು ಬಹಳ ವರ್ಷ ಆಯ್ತು. ಅವರ ಮಗಳ ಹತ್ರ ಇಂಥದ್ದೇ ಒಂದು ಮಿಷನ್ ನೋಡಿದ ನೆನಪು" ಎಂದು ಬೀದಿಯ ಗುರುತು ಹೇಳಿದರು.

ಮರುದಿನವೇ ರಜೆ ಹಾಕಿ ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸು ಹಿಡಿದೆ. ಮುನಿರಾಜುವಿನ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಲು ಇನ್ನು ಹೆಚ್ಚು ದಿನ ಇರಲಿಲ್ಲ.

ಮನೆ ಸುಲಭವಾಗಿ ಸಿಕ್ಕಿತು. ಹಸಿರು ಬಣ್ಣದ ಬಾಗಿಲು, ಪಕ್ಕದಲ್ಲೊಂದು ಕಿಟಕಿ. ಕಿಟಕಿಯ ಒಂದು ಗಾಜು ಒಡೆದು ಅಲ್ಲಿಗೆ ರಟ್ಟು ಅಂಟಿಸಿತ್ತು. ಬಾಗಿಲು ತಟ್ಟಿದೆ.

"ಯಾರು?" ವಯಸ್ಸಾದ ಹೆಂಗಸಿನ ದನಿ.

"ಚಿಕ್ಕಬಳ್ಳಾಪುರದಿಂದ ಬಂದಿದೀನಮ್ಮ. ನಿಮ್ಮನೇಲಿ ಹಳೇ ಹೊಲಿಗೆ ಮಿಷನ್ ಇದೆ ಅಂತ..."

"ಮಿಷನ್ ಇಲ್ಲ. ಮಾರಿಬಿಟ್ಟೆ. ಹೋಗಿ ಹೋಗಿ."

"ನನಗೆ ಮಿಷನ್ ಬೇಡಮ್ಮ, ಒಂದೇ ಒಂದು ಸೂಜಿ ಬೇಕಿತ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆ ದಿನಗಳಲ್ಲಿ ಬಾಯಿ ತಪ್ಪಿಯೂ ಆಡಬಾರದ ಮಾತು ಅದೊಂದೇ ಆಗಿತ್ತು. ಒಳಗಿನಿಂದ ಚಿಲಕ ಇನ್ನೂ ಗಟ್ಟಿಯಾಗಿ ಬಿದ್ದ ಸದ್ದು ಕೇಳಿಸಿತು.

"ಎಲ್ಲರಿಗೂ ಸೂಜೀನೇ ಬೇಕು! ಹೋದ ವಾರ ಬಂದವರೂ ಸೂಜಿ ಅಂದ್ರು. ಕೊಡಲ್ಲ ಅಂದಿದ್ದಕ್ಕೆ ಕಿಟಕಿಗೆ ಕಲ್ಲು ಹೊಡೆದು ಹೋದ್ರು. ನೀನು ಹೋಗ್ತೀಯೋ, ಬೀದಿಯವರನ್ನ ಕರೀಲೋ?"

ನನಗೆ ಅವಮಾನವಾಯಿತು. ಎದುರುಮನೆಯ ಜಗಲಿಯಲ್ಲಿ ಕೂತಿದ್ದವರು ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು. ವಾಪಸ್ಸು ಹೊರಡಲು ತಿರುಗಿಯೂ ಆಗಿತ್ತು. ಆದರೆ ಒಂದು ತೋಳಿನ ಅಂಗಿ ಕಣ್ಣ ಮುಂದೆ ಬಂತು. ಬಾಗಿಲಿಗೆ ಬಾಯಿ ಹಚ್ಚಿ, ಅಳುದನಿಯಲ್ಲೇ ಎಲ್ಲವನ್ನೂ ಹೇಳಿದೆ. ನಮ್ಮನೆಯಿಂದಲೂ ಸೂಜಿ ಕಿತ್ತುಕೊಂಡು ಹೋದದ್ದು, ದೊಡ್ಡಮ್ಮನ ಮಾತು ನಿಂತದ್ದು, ಕೂಸು ಬರುವುದು.

ಆಮೇಲೆ ಆ ದನಿ ಕೇಳಿತು, "ಸೂಜಿ ಕೂರಿಸುವಾಗ ಅದರ ಗೀರು ಯಾವ ಕಡೆ ಇರಬೇಕು? ಹೇಳು ನೋಡೋಣ."

ಸೂಜಿಯ ಮೈಮೇಲೆ ದಾರ ಕೂರುವ ಗೀರು ಇರುತ್ತದೆಂದೇ ನನಗೆ ಗೊತ್ತಿರಲಿಲ್ಲ.

"ನನಗೆ ಹೊಲಿಯೋಕೆ ಬರಲ್ಲಮ್ಮ. ನಮ್ಮ ದೊಡ್ಡಮ್ಮನಿಗೆ ಗೊತ್ತು. ಅವಳನ್ನೇ ಕೇಳ್ತೀರಾ?"

ಮುನಿರಾಜುವಿಗೆ ಫೋನ್ ಮಾಡಿ, ಅಮ್ಮನನ್ನು ಬೇಗ ಬೀದಿಗೆ ಕರೆದುಕೊಂಡು ಬಾ ಎಂದೆ. ಮೊಬೈಲಿನ ಸ್ಪೀಕರ್ ಹಾಕಿ, ಕಿಟಕಿಯ ರಟ್ಟಿನ ಸಂದಿಗೆ ಹಿಡಿದೆ.

"ದೊಡ್ಡಮ್ಮಾ, ಸೂಜಿ ಹಾಕುವಾಗ ಗೀರು ಯಾವ ಕಡೆ ಬರಬೇಕು?"

"ಅದ್ಯಾಕೇ ಈಗ? ದಾರ ಪೋಣಿಸೋ ಕಡೆಗೆ. ಇಲ್ದಿದ್ರೆ ದೋಣಿ ದಾರ ಹಿಡಿಯಲ್ಲ."

"ದೋಣಿನಾ?" ಒಳಗಿನ ದನಿ ಬದಲಾಯಿತು. "ನಾವು ಅದಕ್ಕೆ ಮೀನು ಅಂತೀವಿ."

"ಯಾರಮ್ಮಾ ಅದು ಮಾತಾಡ್ತಿರೋದು?" ಎಂದಳು ದೊಡ್ಡಮ್ಮ ಅತ್ತ ಕಡೆಯಿಂದ.

ಆಮೇಲೆ ನಾನು ಬರೀ ಫೋನ್ ಹಿಡಿದು ನಿಂತವಳು. ಇಬ್ಬರೂ ಕನ್ನಡದಿಂದ ತೆಲುಗಿಗೆ ಜಾರಿದರು. ಯಾವ ದಾರ ಚೆನ್ನ, ದಪ್ಪ ಬಟ್ಟೆಗೆ ದೋಣಿಯ ಬಿಗಿ ಎಷ್ಟು ಇರಬೇಕು, ಚಳಿಗಾಲದಲ್ಲಿ ಚಕ್ರ ಬಿಗಿಯಾದರೆ ಬಿಸಿಲಿಗೆ ಇಟ್ಟು ಎಣ್ಣೆ ಬಿಡಬೇಕೋ ಎಣ್ಣೆ ಬಿಟ್ಟು ಬಿಸಿಲಿಗೆ ಇಡಬೇಕೋ. "ಕೊಬ್ಬರಿ ಎಣ್ಣೆ ಹಾಕಿದ್ರಾ ಯಾವತ್ತಾದ್ರೂ?" "ಅಯ್ಯೋ ದೇವ್ರೇ, ಅಂಟಾಗ್ಬಿಡುತ್ತೆ, ಯಾರಾದ್ರೂ ಹಾಕ್ತಾರಾ!" ಇಬ್ಬರೂ ನಗುತ್ತಿದ್ದರು. ಮಾತಿನ ನಡುವೆಯೇ ಚಿಲಕ ತೆಗೆದ ಸದ್ದಾಯಿತು. ಬಾಗಿಲು ತೆರೆಯಿತು.

ಅವರ ಹೆಸರು ಖೈರುನ್ನಿಸಾ. ತೆಳ್ಳಗಿನ ಮೈ, ದಪ್ಪ ಕನ್ನಡಕ. ಮೊದಲು ನನ್ನ ಕೈಯಿಂದ ಫೋನ್ ತೆಗೆದುಕೊಂಡು ಮಾತು ಮುಗಿಸಿದರು, ಆಮೇಲೆ ನನ್ನ ಮುಖ ನೋಡಿದರು. "ಬಿಸಿಲಲ್ಲಿ ನಿಲ್ಲಿಸಿಬಿಟ್ಟೆ, ಬೇಜಾರು ಮಾಡ್ಕೋಬೇಡಮ್ಮ. ಏನ್ ಮಾಡ್ಲಿ, ಹಗಲೆಲ್ಲ ಒಬ್ಬಳೇ ಇರ್ತೀನಿ" ಎಂದು ನೀರು ಕೊಟ್ಟರು.

ಮಿಷನ್ನನ್ನು ಅವರು ರಾಗಿ ಡ್ರಮ್ಮಿನ ಹಿಂದೆ, ಗೋಣಿಚೀಲದ ಅಡಿಯಲ್ಲಿ ಬಚ್ಚಿಟ್ಟಿದ್ದರು. ಇಬ್ಬರೂ ಸೇರಿ ಹೊರಗೆ ಎಳೆದೆವು. ಅದೇ ಪಿಟೀಲಿನ ತಳ, ಅದೇ ಪಿಂಗಾಣಿ ಹಿಡಿ, ಅದೇ ಮಸಿ. ನನ್ನ ಕೈ ಸುಮ್ಮನಿರಲಿಲ್ಲ. "ಒಂದು ಚೂರು ಒರೆಸಿ ನೋಡಲಾ?" ಎಂದು ಕೇಳಿ, ಹತ್ತಿಗೆ ಎಣ್ಣೆ ಹಚ್ಚಿ ಮೇಲಿನ ತೋಳನ್ನು ಒತ್ತುತ್ತಾ ಹೋದೆ. ನಮ್ಮ ಮಿಷನ್‌ನಲ್ಲಿ ಸವೆದುಹೋಗಿದ್ದ ಅಕ್ಷರಗಳು ಅವರದರಲ್ಲಿ ಒಂದೊಂದಾಗಿ ಎದ್ದು ಬಂದವು. ಪೂರ್ತಿ ಹೆಸರು, ಅದರ ಕೆಳಗೆ ಜರ್ಮನಿಯ ಊರಿನ ಹೆಸರು. ಕೊನೆಯ ಅಕ್ಷರಗಳು ನಮ್ಮದರಲ್ಲಿ ಉಳಿದಿದ್ದಂಥವೇ. ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಎರಡು ಮಿಷನ್‌ಗಳು ಸಮುದ್ರ ದಾಟಿ, ಒಂದು ಚಿಂತಾಮಣಿಗೆ, ಇನ್ನೊಂದು ಗೌರಿಬಿದನೂರಿಗೆ ಹೇಗೆ ಬಂದವೋ! ಆ ಹೆಸರನ್ನು ಓದಲು ಇಬ್ಬರೂ ಪ್ರಯತ್ನಪಟ್ಟೆವು. ನಾಲಿಗೆ ತಿರುಗದೆ ನಗು ಬಂತು.

"ಇದರ ಬೆಲೆ ಎಷ್ಟಮ್ಮಾ ನಿಜವಾಗಿ?" ಎಂದು ಕೇಳಿದರು. ಕಂಪ್ಯೂಟರಿನಲ್ಲಿ ನೋಡಿದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಅಷ್ಟೇನಾ? ಒಳ್ಳೇದಾಯ್ತು. ಇನ್ನು ರಾಗಿ ಹಿಂದೆ ಇಡೋದು ಬೇಡ" ಎಂದರು. ಅವರ ಮುಖದಲ್ಲಿ ಬೇಸರಕ್ಕಿಂತ ಸಮಾಧಾನವೇ ಹೆಚ್ಚಿತ್ತು.

ಹೊರಡುವಾಗ ಬೀರುವಿನಿಂದ ಒಂದು ಚಿಕ್ಕ ತಗಡಿನ ಡಬ್ಬಿ ತಂದರು. ಎಣ್ಣೆ ಕಾಗದದಲ್ಲಿ ಸುತ್ತಿದ ಉದ್ದನೆಯ ಸೂಜಿಗಳು. ಅವರ ತಂದೆ ಇಟ್ಟುಹೋದದ್ದಂತೆ. ಅವನ್ನು ಅಂಗೈ ಮೇಲೆ ಹರಡಿ, ಎರಡು ಪಾಲು ಮಾಡಿ, ಒಂದು ಪಾಲನ್ನು ನನ್ನ ಕೈಗೆ ಹಾಕಿದರು. ಒಂದು ಸಾಕು ಎಂದರೂ ಕೇಳಲಿಲ್ಲ. "ಕೂಸು ಬೆಳೆಯುತ್ತೆ, ಅಂಗಿ ಚಿಕ್ಕದಾಗುತ್ತೆ. ಆಗ ಮತ್ತೆ ಹೊಲೀಬೇಕಲ್ಲ?" ಎಂದರು.

ಮಿಷನ್ ಜೊತೆ ಚಿಂತಾಮಣಿಗೆ ಹೋದ ದಿನ ದೊಡ್ಡಮ್ಮ ಹೂಬಳ್ಳಿಯ ಮೇಲೆ ಬೆರಳಾಡಿಸಿ ನೋಡಿದಳು. "ನಮ್ಮತ್ತೆ ಇದರಲ್ಲಿ ಹೂವಿತ್ತು ಅಂತಿದ್ರು. ನಾನು ನಂಬಿರಲಿಲ್ಲ" ಎಂದಳು. ಸೂಜಿಯ ಗೀರನ್ನು ಉಗುರಿನಿಂದ ತಡವಿ, ತಿರುಗಿಸಿ ಕೂರಿಸಿ, ಸ್ಕ್ರೂ ಬಿಗಿ ಮಾಡಿದಳು. "ಮುನಿರಾಜು, ಬಾರಪ್ಪ, ಚಕ್ರ ತಿರುಗ್ಸು" ಎಂದು ಕರೆದಳು. ಅಷ್ಟು ದಿನಗಳ ಮೇಲೆ ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲಂತೆ. ಅವನು ಓಡಿಬಂದು ನೆಲದ ಮೇಲೆ ಕೂತ. ಟಕ್ ಟಕ್ ಎಂದು ದೋಣಿ ಈಜಿತು. ಬಟ್ಟೆ ಮುಂದೆ ಸರಿದ ಹಾಗೆ ಹೊಲಿಗೆ ಒಂದೇ ಸಮ ಬಿತ್ತು. ಎರಡನೆಯ ತೋಳು ಕೂಡಿಕೊಂಡಿತು. ಆ ವಾರದಲ್ಲೇ ಹೆಣ್ಣುಕೂಸು ಹುಟ್ಟಿತು, ಆಸ್ಪತ್ರೆಯಿಂದ ಅದೇ ಅಂಗಿ ತೊಟ್ಟು ಮನೆಗೆ ಬಂತು.

ಪಾದರಸದ ಸುದ್ದಿ ಬಂದ ಹಾಗೆಯೇ ಹೋಯಿತು. ದೊಡ್ಡಮ್ಮ ಮತ್ತು ಖೈರುನ್ನಿಸಾ ಮಾತ್ರ ಇವತ್ತಿಗೂ ಫೋನಿನಲ್ಲಿ ಮಾತಾಡುತ್ತಾರೆ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಇಬ್ಬರಿಗೂ ಬಸ್ಸಿನ ಪ್ರಯಾಣ ಆಗುವುದಿಲ್ಲ.

ಖೈರುನ್ನಿಸಾ ಅವರ ಜಾಗದಲ್ಲಿ ನಾನಿದ್ದು, ಕಲ್ಲು ಬಿದ್ದ ಕಿಟಕಿಯ ಹಿಂದೆ ಒಬ್ಬಳೇ ನಿಂತಿದ್ದು, ಹೊರಗೆ ಗುರುತಿಲ್ಲದ ದನಿಯೊಂದು ಅದೇ ಸೂಜಿ ಕೇಳಿದ್ದರೆ ನಾನೇನು ಮಾಡುತ್ತಿದ್ದೆ ಎಂದು ಆಗಾಗ ಯೋಚಿಸುತ್ತೇನೆ. ಬಹುಶಃ ಬೀದಿಯವರನ್ನು ಕರೆಯುತ್ತಿದ್ದೆ. ಅವರು ಹೆದರಿಕೊಂಡೇ ಒಂದು ಪ್ರಶ್ನೆ ಕೇಳಿದರು, ಉತ್ತರಕ್ಕೆ ಕಿವಿಗೊಟ್ಟು ಕಾದರು. ಈಗ ನನ್ನ ಬಾಗಿಲನ್ನು ಯಾರಾದರೂ ಅಪರಿಚಿತರು ತಟ್ಟಿದರೆ ನನಗೂ ಅನುಮಾನ ಬರುತ್ತದೆ. ಆದರೆ ಅವರನ್ನು ಕಳಿಸುವ ಮೊದಲು, ಚಿಲಕದ ಮೇಲೆ ಕೈಯಿಟ್ಟುಕೊಂಡೇ, ಒಂದು ಪ್ರಶ್ನೆ ಕೇಳುತ್ತೇನೆ.